ತುದಿಯಿಲ್ಲದ ಎಡಗಿವಿ

ಬೋನಿನ ಬಾಗಿಲು ಟಪ್ ಅಂತ ಬಿದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಮೂರು ರಾತ್ರಿಯಿಂದ ಅದೊಂದು ಸದ್ದಿಗೆ ಕಾಯುತ್ತಿದ್ದೆ. ಮಡಿಲಲ್ಲಿ ಹಳೆಯ ಬೆಡ್‌ಶೀಟ್ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ಕೂತು ಕಾಲು ಜೋಮು ಹಿಡಿದಿತ್ತು. ಕುಂಟುತ್ತಾ ಓಡಿ ನೋಡಿದರೆ ಒಳಗೆ ನಮ್ಮ ಬೀದಿಯ ಬೆಕ್ಕು, ಬೂದಿ. ಬಣ್ಣ ನೋಡಿ ಇಟ್ಟ ಹೆಸರು. ಅತ್ತ ಒಂದು ಸಲ, ಇತ್ತ ಒಂದು ಸಲ, ಮೈಯನ್ನೆಲ್ಲ ಕಂಬಿಗೆ ಎತ್ತಿ ಎತ್ತಿ ಒಗೆಯುತ್ತಿತ್ತು. ಮೂಗಿನ ತುದಿ ತರಚಿ ರಕ್ತ ಜಿನುಗುತ್ತಿತ್ತು. ಬೆಡ್‌ಶೀಟ್ ಹೊದಿಸಿದೆ. ಗಲಾಟೆ ಅಲ್ಲಿಗೇ ನಿಂತಿತು.

ಕತ್ತಲು ಮಾಡಿದರೆ ಬೆಕ್ಕು ಸುಮ್ಮನಾಗುತ್ತದೆ ಅಂತ ಬೋನು ಕೊಟ್ಟವರು ಹೇಳಿದ್ದರು. ನಿಜ. ಆದರೆ ಅದು ಸಮಾಧಾನದ ಸುಮ್ಮನಿರುವಿಕೆ ಅಲ್ಲ. ಇನ್ನು ಮಾಡುವುದೇನೂ ಉಳಿದಿಲ್ಲ ಅಂತ ಗೊತ್ತಾದ ಮೇಲೆ ಮುದುಡಿ ಕೂರುತ್ತಾರಲ್ಲ, ಹಾಗೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಅಂತ ಎಷ್ಟು ಸಲ ಹೇಳಿಕೊಂಡರೂ, ಬೋನಿನೊಳಗೆ ಕೂತವರಿಗೆ ಅದು ಗೊತ್ತಿಲ್ಲವಲ್ಲ.

ಬೆಳಿಗ್ಗೆ, ಮುಂದೆ ಮರಿಯಾಗದ ಹಾಗೆ ಮಾಡುವ ಆಪರೇಷನ್ನಿಗೆ ಅಂತ, ಪಶುವೈದ್ಯರು ಅರಿವಳಿಕೆ ಕೊಟ್ಟು, ಮೇಜಿನ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಕೂದಲು ಸರಿಸಿ ನೋಡಿದರು. ಮೊಲೆಗಳ ಸುತ್ತ ಕೂದಲು ಉದುರಿ ಚರ್ಮ ಕೆಂಪಗಾಗಿತ್ತು. ಮೆಲ್ಲಗೆ ಒತ್ತಿದರು. ಹಾಲು ಬಂತು.

"ಇದು ಬಾಣಂತಿ ಕಣಮ್ಮಾ. ಮರಿ ಎಲ್ಲಿವೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೂದಿ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಕಡೆಯಿಂದ ಬರುತ್ತದೆ, ಯಾವ ವಾಸನೆಗೆ ಬರುತ್ತದೆ ಅಂತೆಲ್ಲ ಮೂರು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೆ. ತಿಂದಾದ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಒಂದು ದಿನವೂ ನೋಡಿರಲಿಲ್ಲ.

ವೈದ್ಯರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಆ ದಿನದ ಆಪರೇಷನ್ ಪಟ್ಟಿಯಲ್ಲಿ ಬೂದಿಯನ್ನೇ ಮೊದಲು ಹಾಕಿಕೊಂಡರು. ಹೊಟ್ಟೆಯ ನಡುವೆ ಕೊಯ್ಯದೆ ಪಕ್ಕದಲ್ಲಿ ಕೊಯ್ದರು, ಮರಿಗಳು ಹಾಲು ಕುಡಿಯುವಾಗ ಬಾಯಿ ಹೊಲಿಗೆಗೆ ತಾಗಬಾರದು ಅಂತ. ಕೊನೆಗೆ ಎಡಗಿವಿಯ ತುದಿಯನ್ನು ಹಿಡಿದು, ಸುಮಾರು ಒಂದು ಸೆಂಟಿಮೀಟರಿನಷ್ಟು, ನೇರವಾಗಿ ಕತ್ತರಿಸಿದರು. ನನಗೆ ಹೊಟ್ಟೆಯ ಗಾಯಕ್ಕಿಂತ ಇದೇ ಜಾಸ್ತಿ ಸಂಕಟ ಆಯಿತು. "ಕಿವಿ ಯಾಕೆ ಡಾಕ್ಟ್ರೇ?" ಅಂದೆ.

"ನಾಳೆ ಇನ್ನೊಬ್ಬರು ಇದನ್ನೇ ಹಿಡಿದು ತರ್ತಾರೆ. ಮತ್ತೆ ಹೊಟ್ಟೆ ಕೊಯ್ದು ನೋಡಬೇಕಾ? ದೂರದಿಂದಲೇ ಕಾಣಬೇಕು, ಆಪರೇಷನ್ ಆಗಿದೆ ಅಂತ."

ಪೂರ್ತಿ ಎಚ್ಚರವಾಗಿದೆ ಅಂತ ಖಾತ್ರಿ ಮಾಡಿಕೊಂಡು ಸಂಜೆಯೇ ಕಳಿಸಿಕೊಟ್ಟರು. ಮಾಮೂಲಿಯಾಗಿ ಒಂದೆರಡು ದಿನ ಇಟ್ಟುಕೊಳ್ಳುತ್ತಾರೆ. ಮನೆಯ ಹಿಂದೆ ಬೋನು ಇಟ್ಟು ಬಾಗಿಲು ಎತ್ತಿದೆ. ಬೂದಿ ಮೂಗು ಹೊರಗೆ ಹಾಕಿ ಗಾಳಿ ಮೂಸಿತು. ಆಮೇಲೆ ಒಂದೇ ನೆಗೆತಕ್ಕೆ ಕಾಂಪೌಂಡ್ ಹತ್ತಿ, ಬಳಸದೆ ಬಿದ್ದಿರುವ ನೀರಿನ ಟ್ಯಾಂಕಿನ ಹಿಂದಕ್ಕೆ ಇಳಿಯಿತು. ನಾನು ದಿನಾ ಬಟ್ಟೆ ಒಣಹಾಕುವ ಜಾಗದಿಂದ ಹತ್ತು ಹೆಜ್ಜೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಇಲಿಮರಿ ಚೀರಿದಷ್ಟು ಸಣ್ಣ ದನಿ. ಮೂರೋ ನಾಲ್ಕೋ ಗಂಟಲು ಒಟ್ಟಿಗೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅಂತಾರೆ. ಬೂದಿಯದು ಇನ್ನೂ ಮೊದಲನೆಯ ಮನೆ ಇರಬೇಕು.

ಆಮೇಲೆ ಲೆಕ್ಕ ಹಾಕಿ ನೋಡಿದೆ. ಆ ಮರಿಗಳು ಉಳಿದದ್ದು ನನ್ನ ಕರುಣೆಯಿಂದ ಅಲ್ಲ. ಕರುಣೆಯ ಕೈಗೆ ಕೊಟ್ಟಿದ್ದರೆ ನಾನು ಬೂದಿಯನ್ನು ಒಂದು ವಾರ ಒಳ್ಳೆಯ ಜಾಗದಲ್ಲಿ ಇಟ್ಟು ಉಪಚಾರ ಮಾಡುತ್ತಿದ್ದೆ. ಮರಿಗಳು ಟ್ಯಾಂಕಿನ ಹಿಂದೆ ಒಂದೊಂದೇ ಸಾಯುತ್ತಿದ್ದವು. ಉಳಿಸಿದ್ದು ಒಂದು ಸಣ್ಣ ನಿಯಮ: ಹಿಡಿದ ಜಾಗಕ್ಕೇ, ಆದಷ್ಟು ಬೇಗ, ವಾಪಸ್ ಬಿಡಬೇಕು.

ಕನ್ನಡದಲ್ಲಿ ಈ "ಬಿಡು" ಅನ್ನುವ ಮಾತು ತಮಾಷೆಯದು. ಕಾಟ ತಡೆಯಲಾರದೆ ನಾಯಿಯನ್ನು ಚೀಲದಲ್ಲಿ ತುಂಬಿ ಊರಾಚೆ ಬಿಟ್ಟು ಬರುವುದೂ ಬಿಡುವುದೇ. ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿ, ಅದರ ಮೂಲೆಗೇ ತಂದು ಬಿಡುವುದೂ ಬಿಡುವುದೇ. ಬೀದಿ ಪ್ರಾಣಿಗಳ ಕಾನೂನಿನ ಚರಿತ್ರೆಯನ್ನು ಓದುತ್ತಾ ಹೋದರೆ, ಜಗಳವೆಲ್ಲ ಈ ಎರಡು ಬಿಡುವುದರ ನಡುವೆಯೇ ನಡೆದಿದೆ ಅನಿಸುತ್ತದೆ.

ಕಾನೂನಿಗೆ ಮೊದಲು ಕಂಡಿದ್ದು ಪ್ರಾಣಿಯಲ್ಲ, ಪ್ರಾಣಿಯ ಯಜಮಾನ. ಬ್ರಿಟನ್ನಿನಲ್ಲಿ 1822ರಲ್ಲಿ ರಿಚರ್ಡ್ ಮಾರ್ಟಿನ್ ಅನ್ನುವ ಸಂಸದ ಹಟ ಹಿಡಿದು ಒಂದು ಕಾಯ್ದೆ ಮಾಡಿಸಿದ. ಪ್ರಾಣಿಹಿಂಸೆ ತಡೆಯುವ ಕಾಯ್ದೆಗಳಲ್ಲಿ ಬಹಳ ಹಳೆಯದು ಅದು. ಕುದುರೆ, ದನ, ಕುರಿಗಳಿಗೆ ರಕ್ಷಣೆ ಸಿಕ್ಕಿತು. ನಾಯಿ ಬೆಕ್ಕಿನ ಹೆಸರಿರಲಿಲ್ಲ. ನಾಯಿಗೆ ಜಾಗ ಸಿಗಲು 1835ರ ತನಕ ಕಾಯಬೇಕಾಯಿತು. 1860ರಲ್ಲಿ ಮೇರಿ ಟೀಲ್ಬಿ ಅನ್ನುವ ಹೆಂಗಸು ಲಂಡನ್ನಿನಲ್ಲಿ ದಿಕ್ಕಿಲ್ಲದ ನಾಯಿಗಳಿಗೆ ಅಂತ ಒಂದು ಮನೆ ತೆರೆದಾಗ ಪತ್ರಿಕೆಗಳು ನಕ್ಕವು. ಅದೇ ಮುಂದೆ ಬ್ಯಾಟರ್ಸಿ ಅಂತ ಹೆಸರಾಯಿತು, ಇವತ್ತಿಗೂ ನಡೆಯುತ್ತಿದೆ.

ಭಾರತದ ಹಳೆಯ ದಂಡ ಸಂಹಿತೆಯಲ್ಲೂ ಈ ಯಜಮಾನನ ಲೆಕ್ಕ ಚೆನ್ನಾಗಿ ಕಾಣುತ್ತದೆ. ಅದರ 428ನೇ ಕಲಂ ಪ್ರಕಾರ ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಅಪರಾಧ. ಆದರೆ ಆ ಪ್ರಾಣಿ ಹತ್ತು ರೂಪಾಯಿಯಾದರೂ ಬೆಲೆ ಬಾಳಬೇಕು. ಮುಂದಿನ ಕಲಮಿನಲ್ಲಿ ಐವತ್ತು ರೂಪಾಯಿ. ಬೀದಿಯಲ್ಲಿ ಮಲಗಿರುವ ನಾಯಿಯ ಬೆಲೆ ಎಷ್ಟು ಅಂತ ಯಾರನ್ನು ಕೇಳುವುದು? 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಈ ಬೆಲೆಯ ಮಾತನ್ನು ಕೈಬಿಟ್ಟಿದೆ. ಯಾವುದೇ ಪ್ರಾಣಿಯನ್ನು ಕೊಂದರೂ, ವಿಷ ಹಾಕಿದರೂ ಐದು ವರ್ಷದ ತನಕ ಶಿಕ್ಷೆ ಆಗಬಹುದು. ಆದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ಇರುವ ದಂಡ ಹತ್ತರಿಂದ ಐವತ್ತು ರೂಪಾಯಿ. ಬರೆದ ಕಾಲಕ್ಕೆ ಅದು ದೊಡ್ಡ ಮೊತ್ತವೇ ಇದ್ದಿರಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದೇ ಅಪರಾಧಕ್ಕೆ ಹೆಚ್ಚೆಂದರೆ ಆರು ತಿಂಗಳಿದ್ದ ಶಿಕ್ಷೆಯನ್ನು 2021ರಲ್ಲಿ ಐದು ವರ್ಷಕ್ಕೆ ಏರಿಸಿದರು.

ಶಿಕ್ಷೆಯ ಮಾತು ಇಷ್ಟು ಸಾಕು. ಶಿಕ್ಷೆ ಬರುವುದು ಎಲ್ಲ ಮುಗಿದ ಮೇಲೆ. ನಾಯಿ ಬೆಕ್ಕಿನ ದಿನದ ಬದುಕನ್ನು ತೀರ್ಮಾನಿಸುವುದು ಇನ್ನೊಂದು ಪ್ರಶ್ನೆ: ಅದಕ್ಕೆ ಇಲ್ಲಿ ಇರಲು ಹಕ್ಕಿದೆಯಾ?

1910ರಲ್ಲಿ ಇಸ್ತಾಂಬುಲ್ ಆಡಳಿತ ಇಲ್ಲ ಅಂದಿತು. ಬೀದಿನಾಯಿ ಇರುವ ಊರು ಆಧುನಿಕ ಊರಲ್ಲ ಅನ್ನುವ ಕಾಲ ಅದು. ಹತ್ತಾರು ಸಾವಿರ ನಾಯಿಗಳನ್ನು ಹಿಡಿದು ದೋಣಿಗೆ ತುಂಬಿ, ಮರ್ಮರಾ ಸಮುದ್ರದ ಸಿವ್ರಿಯಾಡಾ ಅನ್ನುವ ಬರಡು ದ್ವೀಪದಲ್ಲಿ ಬಿಟ್ಟು ಬಂದರು. ನೀರಿಲ್ಲ, ನೆರಳಿಲ್ಲ. ಒಂದನ್ನೊಂದು ತಿಂದುಕೊಂಡು ಸತ್ತವು. ಗಾಳಿ ಈ ಕಡೆ ಬೀಸಿದಾಗ ಅವುಗಳ ಕೂಗು ಊರಿಗೆ ಕೇಳುತ್ತಿತ್ತಂತೆ. ಆ ಊರಿನ ಜನ ಇದನ್ನು ಮರೆಯಲಿಲ್ಲ. 2004ರಲ್ಲಿ ಟರ್ಕಿ ಮಾಡಿದ 5199ನೇ ಕಾನೂನು, ಬೀದಿನಾಯಿಯನ್ನು ಹಿಡಿದು ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು ಅಂದಿತು. ಇಪ್ಪತ್ತು ವರ್ಷ ಆದ ಮೇಲೆ, 2024ರ ಜುಲೈನಲ್ಲಿ, ಅದೇ ಕಾನೂನಿನಿಂದ ಆ ಒಂದು ಮಾತನ್ನು ತೆಗೆದರು. ಈಗ ಹಿಡಿದು ಆಶ್ರಯ ತಾಣಕ್ಕೆ ಹಾಕಬೇಕು. ಆಗ ಟರ್ಕಿಯಲ್ಲಿ ಸುಮಾರು 40 ಲಕ್ಷ ಬೀದಿನಾಯಿಗಳಿವೆ ಅಂತ ಅಂದಾಜು. ಆಶ್ರಯ ತಾಣಗಳಲ್ಲಿ ಇದ್ದ ಜಾಗ ಸುಮಾರು ಒಂದು ಲಕ್ಷಕ್ಕೆ. ಉಳಿದವು ಎಲ್ಲಿಗೆ ಹೋಗಬೇಕು ಅಂತ ಕಾಗದ ಹೇಳುವುದಿಲ್ಲ, ಲೆಕ್ಕ ಹೇಳುತ್ತದೆ.

ಭಾರತದಲ್ಲೂ ಇದೇ ಮಾತಿನ ಸುತ್ತ ಹಗ್ಗಜಗ್ಗಾಟ. 2001ರ ನಿಯಮಗಳು, ಆಮೇಲೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, ಎರಡೂ ಹಿಡಿದ ಜಾಗಕ್ಕೇ ಬಿಡಿ ಅನ್ನುತ್ತವೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ತಾಣಕ್ಕೆ ಹಾಕಿ, ವಾಪಸ್ ಬಿಡಬೇಡಿ ಅಂದಿತು. ಹನ್ನೊಂದು ದಿನದಲ್ಲಿ ಮೂವರ ಪೀಠ ಅದನ್ನು ತಿದ್ದಿತು: ಆಪರೇಷನ್, ಲಸಿಕೆ ಆದ ಮೇಲೆ ಅದೇ ಜಾಗಕ್ಕೆ ಬಿಡಿ, ರೇಬೀಸ್ ಇರುವ ಮತ್ತು ಮೇಲೆರಗುವ ನಾಯಿಗಳನ್ನು ಮಾತ್ರ ಬಿಡಬೇಡಿ. ನವೆಂಬರಿನಲ್ಲಿ ಮತ್ತೆ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ವಾಪಸ್ ಬಿಡುವಂತಿಲ್ಲ ಅಂತ ಆದೇಶ ಬಂತು. ಆಸ್ಪತ್ರೆಯ ವಾರ್ಡಿನಲ್ಲಿ ನಾಯಿ ಇರಬೇಕು ಅಂತ ನಾನಂತೂ ವಾದ ಮಾಡುವುದಿಲ್ಲ.

ನನಗೆ ಬಹಳ ಇಷ್ಟವಾದ ಮಾತು ಇರುವುದು ಇಟಲಿಯ 1991ರ 281ನೇ ಕಾನೂನಿನಲ್ಲಿ. ಹಿಡಿದ ನಾಯಿಯನ್ನು, ವಾಸಿಯಾಗದ ರೋಗವಿದ್ದರೆ ಅಥವಾ ಅಪಾಯಕಾರಿ ಅಂತ ಸಾಬೀತಾದರೆ ಮಾತ್ರ ಕೊಲ್ಲಬಹುದು ಅಂತ ಅದು ಹೇಳುತ್ತದೆ. ಬೆಕ್ಕುಗಳ ವಿಷಯ ಬಂದಾಗ ಬೀದಿಬೆಕ್ಕು, ಬೀಡಾಡಿ ಬೆಕ್ಕು ಅನ್ನುವುದಿಲ್ಲ. "ಸ್ವತಂತ್ರವಾಗಿ ಬದುಕುವ ಬೆಕ್ಕುಗಳು" ಅನ್ನುತ್ತದೆ. ಅವುಗಳಿಗೆ ಆಪರೇಷನ್ ಮಾಡಿ ಅವುಗಳ ಗುಂಪಿಗೇ ಮರಳಿ ಸೇರಿಸಬೇಕು. ಯಾವ ಗುಮಾಸ್ತ ಈ ವಾಕ್ಯ ಬರೆದನೋ, ಅವನ ಮನೆಯ ಮೆಟ್ಟಿಲ ಮೇಲೂ ಒಂದು ಬೂದಿ ಇದ್ದಿರಬೇಕು.

ಸರಿ, ಅದೇ ಜಾಗಕ್ಕೆ ಯಾಕೆ? ದೂರ ಬಿಟ್ಟರೆ ನಾಯಿಗೇನು ನಷ್ಟ ಅಂತ ಬಹಳ ಜನ ಕೇಳುತ್ತಾರೆ. ನಾಯಿಗೆ ನಷ್ಟ ಅನ್ನುವುದು ಒಂದು. ಗೊತ್ತಿಲ್ಲದ ಬೀದಿಯಲ್ಲಿ ಅದು ಪರದೇಶಿ. ಅಲ್ಲಿನ ಗುಂಪು ಅದನ್ನು ಹರಿದು ಹಾಕುತ್ತದೆ, ಇಲ್ಲ ಹೆದರಿ ಕಂಡವರನ್ನು ಅದು ಕಚ್ಚುತ್ತದೆ. ನಮಗೂ ನಷ್ಟ ಇದೆ. ಒಂದು ಬೀದಿಯಲ್ಲಿ ಎಷ್ಟು ನಾಯಿ ಇರುತ್ತವೆ ಅನ್ನುವುದನ್ನು ತೀರ್ಮಾನಿಸುವುದು ಆ ಬೀದಿಯ ಕಸ, ಮೂಲೆಗಳು, ಅನ್ನ ಹಾಕುವ ಕೈಗಳು. ಕಸ ಹಾಗೇ ಇದ್ದು ನಾಯಿಯನ್ನು ಮಾತ್ರ ಎತ್ತಿದರೆ ಖಾಲಿಯಾದ ಜಾಗಕ್ಕೆ ಪಕ್ಕದ ಬೀದಿಯಿಂದ ಬೇರೆ ನಾಯಿ ಬರುತ್ತದೆ. ಹೋದದ್ದಕ್ಕೆ ಲಸಿಕೆ ಆಗಿತ್ತು, ಬಂದದ್ದಕ್ಕೆ ಆಗಿಲ್ಲ.

ಇಂಡೊನೇಷ್ಯಾದ ಬಾಲಿಯಲ್ಲಿ ಹೀಗೇ ಆಯಿತು. 2008ರ ತನಕ ಆ ದ್ವೀಪದಲ್ಲಿ ರೇಬೀಸ್ ಇರಲಿಲ್ಲ. ಬಂದಾಗ ಗಾಬರಿ ಬಿದ್ದು ವಿಷ ಹಾಕಿ ನಾಯಿಗಳನ್ನು ಕೊಂದರು. ಜನ ತಮ್ಮ ನಾಯಿಗಳನ್ನು ಬಚ್ಚಿಡಲು ಬೇರೆ ಊರಿಗೆ ಸಾಗಿಸಿದರು, ಸತ್ತ ನಾಯಿಯ ಬದಲಿಗೆ ಹೊಸ ಮರಿ ತಂದರು. ರೋಗ ಅವುಗಳ ಜೊತೆಗೇ ಪ್ರಯಾಣ ಮಾಡಿತು. ಎರಡೇ ವರ್ಷದಲ್ಲಿ ಇಡೀ ದ್ವೀಪಕ್ಕೆ ಹಬ್ಬಿತು. 2010ರ ಕೊನೆಗೆ ಕೊಲ್ಲುವುದು ಬಿಟ್ಟು ದ್ವೀಪದ ತುಂಬ ಲಸಿಕೆ ಹಾಕತೊಡಗಿದ ಮೇಲೆ ಸಾವುಗಳು ಇಳಿದವು. ಇದರ ಲೆಕ್ಕ ಸರಳ. ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆ ಆಗಿ, ಅವು ಇದ್ದಲ್ಲೇ ಇದ್ದರೆ, ರೋಗಕ್ಕೆ ಒಂದರಿಂದ ಇನ್ನೊಂದಕ್ಕೆ ದಾಟಲು ದಾರಿ ಇರುವುದಿಲ್ಲ. ಆ ಎಪ್ಪತ್ತು ಬೇಲಿಯ ಗೂಟಗಳಿದ್ದಂತೆ. ಗೂಟ ಕಿತ್ತು ದೂರ ಎಸೆದು ಬೇಲಿ ಹಾಕಿದೆವು ಅಂದರೆ ಹೇಗೆ?

ಇದನ್ನೆಲ್ಲ ನಾನು ಬಹಳ ಧೈರ್ಯವಾಗಿ ಹೇಳುತ್ತಿದ್ದೆ, ಎದುರುಮನೆಯ ಹುಡುಗನನ್ನು ಕರಿಯ ಕಚ್ಚುವ ತನಕ.

ಕರಿಯ ನಮ್ಮ ಬೀದಿಯ ನಾಯಿ. ಕಿವಿಯಲ್ಲಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಚ್ಚು ಇದೆ, ಅಂದರೆ ಅದಕ್ಕೂ ಆಪರೇಷನ್ ಆಗಿದೆ, ಲಸಿಕೆ ಆಗಿದೆ. ಮುದುಕ, ಸೋಮಾರಿ. ಯಾರನ್ನೂ ಗದರಿಸಿದ್ದು ನಾನು ನೋಡಿರಲಿಲ್ಲ. ಒಂದು ಸಂಜೆ ಕರೆಂಟ್ ಹೋಗಿತ್ತು. ಹುಡುಗ ಓಡುತ್ತಾ ಬಂದು, ಗೇಟಿನ ಹತ್ತಿರ ಮಲಗಿದ್ದ ಕರಿಯನ ಬಾಲದ ಮೇಲೆ ಕಾಲಿಟ್ಟ. ನಿದ್ದೆಗಣ್ಣಿನಲ್ಲೇ ಕರಿಯ ಬಾಯಿ ಹಾಕಿತು. ಮೀನಖಂಡದಲ್ಲಿ ಎರಡು ಹಲ್ಲು ಆಳಕ್ಕೆ ಇಳಿದಿದ್ದವು.

ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅಂದರೆ ಅವನನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಕೂರಿಸಿದ್ದು. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆದೆ. ಹದಿನೈದು ನಿಮಿಷ ಎಷ್ಟು ಉದ್ದ ಅಂತ, ಅಳುವ ಮಗುವಿನ ಕಾಲನ್ನು ಹಿಡಿದು ಕೂತಾಗಲೇ ಗೊತ್ತಾಗುವುದು. ಹುಡುಗನಿಗೆ ಒಂಬತ್ತು ವರ್ಷ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ತನ್ನ ರೇಬೀಸ್ ಲಸಿಕೆಯನ್ನು ಕೊಡಿಸಿದ ಜೋಸೆಫ್ ಮೈಸ್ಟರ್‌ಗೂ ಒಂಬತ್ತೇ. ಆ ಹುಡುಗ ಬದುಕಿದ. ಆದರೆ ಇವತ್ತಿಗೂ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನುಷ್ಯರಿಗೆ ಬರುವ ರೇಬೀಸ್ ನೂರಕ್ಕೆ ತೊಂಬತ್ತೊಂಬತ್ತು ನಾಯಿಯಿಂದಲೇ. ಸತ್ತವರಲ್ಲಿ ನೂರಕ್ಕೆ ನಲವತ್ತು ಹದಿನೈದು ವರ್ಷದೊಳಗಿನ ಮಕ್ಕಳು. ರೋಗದ ಲಕ್ಷಣ ಕಂಡ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬಹುದು. ಪ್ರಾಣಿಪ್ರೀತಿ ಇರುವವರು ಈ ಅಂಕಿಗಳನ್ನು ಬೇಗ ಬೇಗ ದಾಟಿ ಹೋಗುತ್ತೇವೆ. ನಾನೂ ದಾಟುತ್ತಿದ್ದೆ.

ಆಸ್ಪತ್ರೆಯಲ್ಲಿ ಗಾಯದ ಸುತ್ತಲೇ ಸೂಜಿ ಚುಚ್ಚಿ, ರೇಬೀಸ್ ವೈರಸ್ಸನ್ನು ತಡೆಯುವ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಮದ್ದು ಹಾಕಿದರು. ಹುಡುಗನ ಕಿರುಚಾಟ ಕಾರಿಡಾರಿನ ಆ ತುದಿಗೆ ಕೇಳುತ್ತಿತ್ತು. ಅವನ ತಾತ ನನ್ನ ಪಕ್ಕದಲ್ಲೇ ಕೂತಿದ್ದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು:

"ನೋಡಮ್ಮಾ, ನಿನ್ನ ಕಾನೂನೆಲ್ಲ ನಾಯಿಗೆ ಮಾತ್ರನಾ?"

"ಕರಿಯಂಗೆ ಲಸಿಕೆ ಆಗಿದೆ ಅಂಕಲ್" ಅನ್ನಲು ಬಾಯಿ ತೆರೆದೆ. ಆ ಹೊತ್ತಿಗೆ ಅದು ಮಾತೇ ಅಲ್ಲ ಅಂತ ಗೊತ್ತಾಗಿ ಮುಚ್ಚಿದೆ. ನಾಳೆ ಬೆಳಿಗ್ಗೆಯೇ ಯಾರನ್ನಾದರೂ ಕರೆಸಿ ಆ ನಾಯಿಯನ್ನು ಎಲ್ಲಾದರೂ ದೂರ ಬಿಡಿಸುತ್ತೇನೆ ಅಂದರು. ನಾನು ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗೂ ಹಾಗೇ ಆಗಲಿ ಅನಿಸಿತ್ತು.

ತಡೆದದ್ದು ಡಾಕ್ಟರ್. ಚೀಟಿ ಬರೆಯುತ್ತಾ, ತಲೆ ಎತ್ತದೆ, "ಕಚ್ಚಿದ ನಾಯಿ ಕಣ್ಣೆದುರಿಗೆ ಇದೆಯಾ?" ಅಂದರು. ಇದೆ ಅಂದೆವು. "ಹತ್ತು ದಿನ ದಿನಾ ನೋಡಿ. ಓಡಿಸಬೇಡಿ, ಹೊಡೆಯಬೇಡಿ. ಹತ್ತು ದಿನ ಅದು ಚೆನ್ನಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಅಂತ. ನಾಯಿ ಕಾಣೆಯಾದರೆ ಆ ನೆಮ್ಮದಿ ನಿಮಗೆ ಸಿಗಲ್ಲ."

ಹತ್ತು ದಿನ ಆ ತಾತ ಬೆಳಿಗ್ಗೆ ಎದ್ದ ತಕ್ಷಣ ಗೇಟಿಗೆ ಬಂದು ಕರಿಯನನ್ನು ನೋಡುತ್ತಿದ್ದರು. ನೀರು ಕುಡಿಯಿತಾ, ನಡೆಯುವಾಗ ತೂರಾಡುತ್ತಿದೆಯಾ, ದನಿ ಬದಲಾಗಿದೆಯಾ. ಒಂದು ದಿನ ಕರಿಯ ಮಧ್ಯಾಹ್ನದ ತನಕ ಕಾಣಲಿಲ್ಲ. ತಾತನೇ ಟಾರ್ಚ್ ಹಿಡಿದು ಚರಂಡಿ ಮೋರಿಯನ್ನೆಲ್ಲ ಬಗ್ಗಿ ಬಗ್ಗಿ ನೋಡಿದರು. ಕಾರಿನಡಿ ನೆರಳಲ್ಲಿ ಮಲಗಿತ್ತು. ಸಿಕ್ಕಿದಾಗ ಅವರ ಮುಖದಲ್ಲಿ ಕಂಡ ಸಮಾಧಾನ ಮೊಮ್ಮಗನಿಗಾಗಿ. ಅಷ್ಟೇ. ನಾಯಿಯ ಮೇಲೆ ಪ್ರೀತಿ ಹುಟ್ಟಿತು ಅಂತೆಲ್ಲ ನಾನು ಕತೆ ಕಟ್ಟುವುದಿಲ್ಲ, ಅವರಿಗೆ ಈಗಲೂ ಕರಿಯನನ್ನು ಕಂಡರೆ ಆಗುವುದಿಲ್ಲ. ಆದರೆ ದೂರ ಬಿಡಿಸುವ ಮಾತು ಮತ್ತೆ ಬರಲಿಲ್ಲ.

ನಾನೂ ಒಂದು ವಿಷಯದಲ್ಲಿ ಸೋತೆ. ಕರಿಯನಿಗೆ ಊಟ ಹಾಕುತ್ತಿದ್ದದ್ದು ಗೇಟಿನ ಎದುರಿಗೇ, ಮಕ್ಕಳು ಓಡಾಡುವ ಜಾಗದಲ್ಲೇ. ನನಗೆ ಅನುಕೂಲ ಅಂತ. ಊಟದ ಜಾಗವೇ ನಾಯಿಗೆ ಮಲಗುವ ಜಾಗ, ಕಾಯುವ ಜಾಗ ಆಗುತ್ತದೆ. ಮಕ್ಕಳು ಆಡುವ ಕಡೆ, ಜನ ಹತ್ತಿ ಇಳಿಯುವ ಮೆಟ್ಟಿಲು ಬಾಗಿಲುಗಳ ಹತ್ತಿರ ಊಟದ ಜಾಗ ಇರಬಾರದು ಅಂತ 2023ರ ನಿಯಮಗಳಲ್ಲೇ ಇದೆ. ಅದನ್ನು ನಾನು ಓದಿದ್ದೆ. ನಾಯಿಯ ಹಕ್ಕಿನ ಸಾಲುಗಳು ನನಗೆ ಬಾಯಿಪಾಠ ಆಗಿದ್ದವು, ಇದು ಮಾತ್ರ ನೆನಪಿರಲಿಲ್ಲ. ಈಗ ತಟ್ಟೆಯನ್ನು ಬೀದಿಯ ಕೊನೆಯ ಖಾಲಿ ಸೈಟಿನ ಗೋಡೆಯ ಹತ್ತಿರ ಇಡುತ್ತೇನೆ. ತಿಂದ ಮೇಲೆ ಎತ್ತಿಕೊಂಡು ಬರುತ್ತೇನೆ. ಕರಿಯ ಒಂದು ವಾರ ಮುನಿಸಿಕೊಂಡು, ಆಮೇಲೆ ಅಲ್ಲಿಗೇ ಹಾಸಿಗೆ ಬದಲಿಸಿತು.

ಆಪರೇಷನ್ ಅಂದರೆ ಕ್ರೂರ ಅನ್ನುವವರೂ ಇದ್ದಾರೆ. ತಾಯ್ತನ ಕಿತ್ತುಕೊಳ್ಳುತ್ತೀರಲ್ಲ ಅಂತ. ಪಶ್ಚಿಮ ಬಂಗಾಳದಲ್ಲಿ ವಿಜ್ಞಾನಿಗಳು ಬೀದಿನಾಯಿಗಳು ಹಾಕಿದ 364 ಮರಿಗಳನ್ನು ಹುಟ್ಟಿನಿಂದ ಗಮನಿಸುತ್ತಾ ಬಂದರು. ಏಳು ತಿಂಗಳ ಹೊತ್ತಿಗೆ ಉಳಿದದ್ದು ನೂರಕ್ಕೆ ಹತ್ತೊಂಬತ್ತು. ಸತ್ತವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಾವಿಗೆ ಒಂದಲ್ಲ ಒಂದು ರೀತಿ ಮನುಷ್ಯರೇ ಕಾರಣ. ನಾಯಿ ಗಬ್ಬ ಹೊರುವುದು ಸುಮಾರು 63 ದಿನ. ಬೆಕ್ಕಿಗೂ ಹೆಚ್ಚುಕಡಿಮೆ ಅಷ್ಟೇ, ಮತ್ತು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಅದಿನ್ನೂ ಮರಿಯ ಹಾಗೇ ಕಾಣುವಾಗ. ಹೆತ್ತು ಹೆತ್ತು ಚಕ್ಕಳವಾದ ತಾಯಿಯನ್ನು, ಮೋರಿಯಲ್ಲಿ ತೇಲುವ ಮರಿಯನ್ನು ಒಂದು ಸಲ ಹತ್ತಿರದಿಂದ ನೋಡಿದವರು ತಾಯ್ತನದ ಮಾತು ಎತ್ತುವುದಿಲ್ಲ.

ಆಶ್ರಯ ತಾಣ ಇದ್ದರೆ ಆಯಿತಲ್ಲ ಅನ್ನುವುದು ಇನ್ನೊಂದು ಮಾತು. ಹೇಳಲು ಚೆನ್ನಾಗಿದೆ. ತೈವಾನ್ 2017ರಲ್ಲಿ ಸರ್ಕಾರಿ ಆಶ್ರಯ ತಾಣಗಳಲ್ಲಿ ಆರೋಗ್ಯವಂತ ಪ್ರಾಣಿಗಳನ್ನು ಕೊಲ್ಲುವುದನ್ನು ನಿಲ್ಲಿಸಿತು. ಒಳ್ಳೆಯ ಕಾನೂನೇ. ಆದರೆ ಬರುವ ನಾಯಿಗಳು ನಿಲ್ಲಲಿಲ್ಲ, ಗೂಡುಗಳು ಕಿಕ್ಕಿರಿದವು. ಕಾಯಿಲೆಯಾದ, ಕಾಲು ಮುರಿದ, ಕಣ್ಣು ಬಿಡದ ಮರಿಗಳಿಗೆ ಆಶ್ರಯ ಬೇಕೇ ಬೇಕು. ಆದರೆ ಬೀದಿಯಲ್ಲಿ ತನ್ನ ಪಾಡಿಗೆ ಬದುಕಿದ್ದ ಗಟ್ಟಿಮುಟ್ಟಾದ ನಾಯಿಗೆ ಇಪ್ಪತ್ತು ನಾಯಿಗಳ ಜೊತೆ ಒಂದು ಸಿಮೆಂಟ್ ಕೋಣೆ ಕೊಟ್ಟು ಅದಕ್ಕೆ ಆಶ್ರಯ ಅಂತ ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ.

ಬೆಕ್ಕಿನ ವಿಷಯದಲ್ಲಿ ಒಂದು ತಕರಾರನ್ನು ಒಪ್ಪಬೇಕು. ನನ್ನ ಪಕ್ಷಿಪ್ರೇಮಿ ಗೆಳತಿ ಬೂದಿಯನ್ನು ಕಂಡರೆ ಮುಖ ತಿರುಗಿಸುತ್ತಾಳೆ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪಕ್ಕೆ 1890ರ ದಶಕದಲ್ಲಿ ದೀಪಸ್ತಂಭದ ಕೆಲಸದವರ ಜೊತೆ ಬೆಕ್ಕು ಬಂತು. ಹಾರಲು ಬಾರದ ಒಂದು ಪುಟ್ಟ ಹಕ್ಕಿಯ ಕುಲವೇ ಕೆಲವು ವರ್ಷಗಳಲ್ಲಿ ಇಲ್ಲವಾಯಿತು. ಹಕ್ಕಿಗಳು ನೆಲದಲ್ಲೇ ಗೂಡು ಮಾಡುವ ದ್ವೀಪಗಳಲ್ಲಿ, ಕಾಡಂಚಿನಲ್ಲಿ, ವಾಪಸ್ ಬಿಡುವ ನಿಯಮ ನಡೆಯುವುದಿಲ್ಲ. ಅಲ್ಲಿ ಬೆಕ್ಕನ್ನು ಹೊರಗೆ ತರಲೇಬೇಕು. ಬೀದಿಗೆ ಸರಿಯಾದದ್ದು ಕಾಡಿಗೂ ಸರಿ ಅಂತೇನಿಲ್ಲ.

ಇಷ್ಟೆಲ್ಲ ಆಗುವ ಕೆಲಸವಾ ಅಂದರೆ, ಒಂದು ದೇಶ ಮಾಡಿ ತೋರಿಸಿದೆ. ಭೂತಾನ್ 2009ರಲ್ಲಿ ಶುರು ಮಾಡಿ, ನಡುವೆ ಕುಂಟುತ್ತಾ ಸಾಗಿ, ಕೊನೆಗೆ 2021ರಿಂದ ಸಮವಸ್ತ್ರದ ಸ್ವಯಂಸೇವಕರನ್ನೆಲ್ಲ ಇಳಿಸಿ, ಬೀದಿನಾಯಿಗಳೆಲ್ಲಕ್ಕೂ ಆಪರೇಷನ್ ಮತ್ತು ಲಸಿಕೆ ಮುಗಿಸಿದ್ದೇವೆ ಅಂತ 2023ರ ಅಕ್ಟೋಬರಿನಲ್ಲಿ ಹೇಳಿತು. ಒಂದೂವರೆ ಲಕ್ಷಕ್ಕೂ ಜಾಸ್ತಿ ನಾಯಿಗಳು. ಚಿಕ್ಕ ದೇಶ ನಿಜ. ಆದರೆ ಎಷ್ಟೋ ಚಿಕ್ಕ ಊರುಗಳಲ್ಲೇ ಇದು ಆಗಿಲ್ಲ ಅಲ್ವಾ. ಇದೇ ವಿಷಯಕ್ಕೆ ಒಂದು ಕಚೇರಿಗೆ ಆರು ಸಲ ಅಲೆದಿದ್ದೇನೆ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ, ಹಾಗೆ ಈ ಮೇಜಿನಿಂದ ಆ ಮೇಜಿಗೆ. ಏಳನೆಯ ಸಲ ಬೀದಿಯ ಹನ್ನೊಂದು ನಾಯಿಗಳ ಫೋಟೊ ತೆಗೆದು, ಯಾವುದರ ಕಿವಿಯಲ್ಲಿ ವಿ ಆಕಾರದ ಕಚ್ಚು ಇದೆ, ಯಾವುದರಲ್ಲಿ ಇಲ್ಲ ಅಂತ ಒಂದು ಹಾಳೆಯಲ್ಲಿ ಬರೆದು, ಆ ತಾತನ ಸಹಿಯನ್ನೂ ಹಾಕಿಸಿಕೊಂಡು ಹೋದೆ. ನಾಯಿ ಬೇಕು ಅನ್ನುವವಳೂ ಬೇಡ ಅನ್ನುವವರೂ ಒಂದೇ ಹಾಳೆಯಲ್ಲಿ ಸಹಿ ಮಾಡಿದ್ದನ್ನು ಕಂಡು ಮೇಜಿನ ಹಿಂದಿದ್ದವರಿಗೆ ಏನನಿಸಿತೋ, ಎರಡು ವಾರಕ್ಕೆ ವ್ಯಾನ್ ಬಂತು. ಉಳಿದಿದ್ದ ನಾಲ್ಕನ್ನು ಬಲೆ ಹಾಕಿ ಹಿಡಿದುಕೊಂಡು ಹೋಗಿ, ಐದನೇ ದಿನ ಅದೇ ಬೀದಿಯಲ್ಲಿ ಇಳಿಸಿದರು. ಒಂದನ್ನು ಪಕ್ಕದ ಬೀದಿಯಲ್ಲಿ ಇಳಿಸಿದ್ದರು. ರಾತ್ರಿಯೊಳಗೆ ಅದೇ ನಡೆದುಕೊಂಡು ಬಂತು.

ಬೂದಿಗೆ ಈಗ ಆರು ವರ್ಷ ಇರಬಹುದು. ಮೂರು ಮರಿಗಳಲ್ಲಿ ಎರಡಕ್ಕೆ ಮನೆ ಸಿಕ್ಕಿತು. ಒಂದು ದೊಡ್ಡದಾಗಿ, ಅದರ ಎಡಗಿವಿಯ ತುದಿಯೂ ಹೋಗಿ, ತಾಯಿಯ ಜೊತೆ ಕಾಂಪೌಂಡ್ ಮೇಲೆ ಬಿಸಿಲು ಕಾಯುತ್ತದೆ. ಕಳೆದ ವಾರದಿಂದ ಒಂದು ಹೊಸ ಬೆಕ್ಕು ಬರುತ್ತಿದೆ. ಕಪ್ಪು ಬಿಳಿ, ಎರಡೂ ಕಿವಿ ಪೂರ್ತಿ. ಹೊಟ್ಟೆ ಜೋತುಬಿದ್ದಿದೆ, ಮೊಲೆ ಕೆಂಪಗಿವೆ. ಬೋನು ತಂದು ಇಟ್ಟುಕೊಂಡಿದ್ದೇನೆ, ಬಾಗಿಲು ಮಾತ್ರ ಕಟ್ಟಿಹಾಕಿದ್ದೇನೆ. ಮೊದಲು ಮರಿ ಎಲ್ಲಿವೆ ಅಂತ ಗೊತ್ತಾಗಬೇಕು.

ಎದುರುಮನೆಯ ಹುಡುಗ ಈಗ ಉದ್ದಕ್ಕೆ ಬೆಳೆದಿದ್ದಾನೆ. ಮೀನಖಂಡದಲ್ಲಿ ಎರಡು ಚುಕ್ಕಿ ಹಾಗೇ ಉಳಿದಿವೆ. ನಾಯಿ ಕಂಡರೆ ಇನ್ನೂ ಆಚೆ ಬದಿಗೆ ದಾಟುತ್ತಾನೆ, ಬೆಕ್ಕಿನ ತಂಟೆ ಇಲ್ಲ. ನಿನ್ನೆ ಅವನನ್ನು ಅವರ ಮಹಡಿ ಮೇಲೆ ನಿಲ್ಲಿಸಿ, ನಾನು ಕೆಳಗೆ ತಟ್ಟೆ ಇಟ್ಟು ಒಳಗೆ ಬಂದೆ. ಬೆಕ್ಕು ತಿಂದು, ಮೀಸೆ ಒರೆಸಿಕೊಂಡು, ಹೊರಟಿತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ದನಿ ಬಂತು:

"ಆಂಟೀ, ಟ್ಯಾಂಕ್ ಹಿಂದೆ ಅಲ್ಲ! ನಮ್ಮನೆ ಕಡೆಗೇ ಬಂತು. ತಾತನ ಹಳೇ ಸ್ಕೂಟರ್ ಕವರ್ ಒಳಗೆ!"